ಹಿಂದಕ್ಕೆ ಹತ್ತಿದ ಗಾಡಿ

ತಿಮ್ಮನಗುಟ್ಟೆಯ ಬಂಡೆಕೇರಿಗೆ ಕಸದ ಆಟೊ ಹಿಮ್ಮುಖವಾಗಿ ಬರುತ್ತಿತ್ತು. ಮೊದಲು ಅದರ ಹಾಡು ಕೇಳಿಸುತ್ತಿತ್ತು, ಆಮೇಲೆ ಹಿಂಬದಿಯ ತಗಡು ಕಾಣುತ್ತಿತ್ತು, ಕೊನೆಗೆ ಕತ್ತನ್ನು ಪೂರಾ ಹಿಂದಕ್ಕೆ ತಿರುಗಿಸಿಕೊಂಡು ಹ್ಯಾಂಡಲ್ ಹಿಡಿದು ಕೂತ ವಾಣಿಶ್ರೀ. ಮುಂದಾಗಿ ಹತ್ತಿಸಿದರೆ ಮೇಲೆ ತಿರುಗಿಸಿಕೊಳ್ಳಲು ಜಾಗವಿಲ್ಲ; ತುಂಬಿದ ಗಾಡಿಯನ್ನು ಆ ಇಳಿಜಾರಿನಲ್ಲಿ ಹಿಂದಕ್ಕೆ ಇಳಿಸುವುದು ಪ್ರಾಣದ ಮೇಲೆ ಆಸೆಯಿರುವವರು ಮಾಡುವ ಕೆಲಸವಲ್ಲ. ಹಾಗಾಗಿ ಖಾಲಿ ಗಾಡಿಯನ್ನು ರಿವರ್ಸ್‌ನಲ್ಲಿ ಹತ್ತಿಸುವುದು, ತುಂಬಿದ ಮೇಲೆ ಮುಖ ಮಾಡಿ ಇಳಿಸುವುದು. ಈ ಉಪಾಯವನ್ನು ಅವಳೇ ಕಂಡುಕೊಂಡಿದ್ದಳು. ತರಬೇತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವವರು ಬಂಡೆಕೇರಿಯನ್ನು ನೋಡಿದ್ದರೆ ತಾನೆ!

ದೊಡ್ಡಬಳ್ಳಾಪುರದಿಂದ ಘಾಟಿಯ ಕಡೆಗೆ ಹೋಗುವಾಗ ಒಳರಸ್ತೆಯಲ್ಲಿ ಸಿಗುವ ಈ ಊರಿನ ಅರ್ಧ ಮಣ್ಣಿನ ಮೇಲಿದೆ, ಅರ್ಧ ಬಂಡೆಯ ಮೇಲಿದೆ. ರಾಗಿ ಬೆಳೆಯುವ ಮಣ್ಣಿನಲ್ಲಿ ಮನೆ ಕಟ್ಟಿ ಹಾಳುಮಾಡಬಾರದೆಂದು ಹಿರಿಯರು ಬಂಡೆಯ ಮೇಲೆ ಹೋಗಿ ಕೂತರು. ಒಳ್ಳೆಯ ಬುದ್ಧಿಯೇ. ಆದರೆ ಬಂಡೆಯ ಮೇಲೆ ಒಂದು ಗೇಣು ಗುಂಡಿ ತೋಡಲಾಗುವುದಿಲ್ಲ. ಬಾವಿಯಿಲ್ಲ, ಕೊಳವೆಬಾವಿಯಿಲ್ಲ, ಮನೆ ಹಿಂದೆ ತಿಪ್ಪೆಗೂ ಜಾಗವಿಲ್ಲ. ಅದಕ್ಕೇ ಬಂಡೆಯ ಬುಡದಲ್ಲಿ, ಹುಣಸೆಮರದಿಂದ ಹಿಡಿದು ನೀರಿನ ಕುಂಟೆಯ ದಂಡೆಯವರೆಗೆ, ಇಪ್ಪತ್ತೆರಡು ಮನೆಗಳ ಇಪ್ಪತ್ತೆರಡು ತಿಪ್ಪೆಗಳು ಸಾಲಾಗಿದ್ದವು. ಯಾವ ಪತ್ರದಲ್ಲೂ ಬರೆದಿರಲಿಲ್ಲ, ಆದರೆ ಒಬ್ಬರ ತಿಪ್ಪೆಗೆ ಇನ್ನೊಬ್ಬರು ಒಂದು ಹಿಡಿ ಬೂದಿ ಹಾಕುವಂತಿರಲಿಲ್ಲ. ಅಣ್ಣತಮ್ಮಂದಿರು ಪಾಲಾದರೆ ಹೊಲ, ಮನೆ, ಪಾತ್ರೆಪಡಗದ ಜತೆ ತಿಪ್ಪೆಯೂ ಪಾಲಾಗುತ್ತಿತ್ತು. ದೀಪಾವಳಿಯ ಪಾಡ್ಯದ ಸಂಜೆ ಹೆಂಗಸರು ಇಳಿದುಬಂದು ತಂತಮ್ಮ ತಿಪ್ಪೆಗೆ ಹುಚ್ಚೆಳ್ಳು ಹೂವಿಟ್ಟು ಹಣತೆ ಹಚ್ಚುತ್ತಿದ್ದರು.

ವಾಣಿಶ್ರೀ ಹುಟ್ಟಿದ್ದು ರಾಜಘಟ್ಟದ ಕಡೆಯ ಬಯಲೂರಿನಲ್ಲಿ. ತವರಿನಲ್ಲಿ ಹಿತ್ತಲ ಬಾಗಿಲು ತೆರೆದರೆ ತಿಪ್ಪೆ. ಹತ್ತೊಂಬತ್ತಕ್ಕೆ ಮದುವೆಯಾಗಿ ಬಂಡೆಕೇರಿಗೆ ಬಂದ ಮರುದಿನವೇ ಅತ್ತೆ ಮುನಿವೆಂಕಟಮ್ಮ ಸಗಣಿಯ ಮಂಕರಿಯನ್ನು ತಲೆಗೇರಿಸಿದಳು. ಬೆಳಿಗ್ಗೆ ಎರಡು ಸಲ, ಸಂಜೆ ಒಂದು ಸಲ ಇಳಿಯಬೇಕು, ಹತ್ತಬೇಕು. ಮಳೆಯಲ್ಲಿ ಬಂಡೆ ಪಾಚಿಗಟ್ಟಿ ಜಾರುತ್ತಿತ್ತು. ಬಸುರಿಯಾದಾಗಲೂ ಇಳಿದಳು. ಇಪ್ಪತ್ತು ವರ್ಷ ಹೀಗೆ ನಡೆದ ಮೇಲೆ ದನ ಕಟ್ಟುವವರು ಕಡಿಮೆಯಾದರು, ಮೇವಿನ ಹೊಲಗಳು ಲೇಔಟಿಗೆ ಹೋದವು, ಅವಳ ಗಂಡ ಕಾಂತರಾಜು ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯ ಶಿಫ್ಟಿಗೆ ಸೇರಿಕೊಂಡ. ತಿಪ್ಪೆಗೆ ಬೀಳುತ್ತಿದ್ದದ್ದು ಸಗಣಿಯಲ್ಲ, ಹಾಲಿನ ಕವರು, ಶಾಂಪೂ ಚೀಟಿ, ಮಕ್ಕಳ ಡೈಪರು. ಹೆಸರು ಮಾತ್ರ ತಿಪ್ಪೆ, ಅದರಿಂದ ಒಂದು ಮಂಕರಿ ಗೊಬ್ಬರವೂ ಹೊಲಕ್ಕೆ ಹೋಗುತ್ತಿರಲಿಲ್ಲ.

ಪಂಚಾಯಿತಿಗೆ ಕಸದ ಆಟೊ ಬಂದು, ಮಹಿಳಾ ಸಂಘದವರೇ ಓಡಿಸಬೇಕೆಂದು ಆದಾಗ ಸಂಘದ ಅಧ್ಯಕ್ಷೆಯಾಗಿದ್ದ ವಾಣಿಶ್ರೀ ತಾನೇ ಕಲಿಯುತ್ತೇನೆಂದು ಮುಂದೆ ಬಂದಳು. ಮನೆಯಲ್ಲಿ ರಂಪವಾಯಿತು.

"ಒಕ್ಕಲು ಮನೆ ಸೊಸೆ ಊರಿನ ಕಸ ಎತ್ತೋದಾ? ನಾನು ಸತ್ತ ಮೇಲೆ ಏನಾದ್ರೂ ಮಾಡ್ಕೋ" ಎಂದಳು ಮುನಿವೆಂಕಟಮ್ಮ.

"ಇಪ್ಪತ್ತು ವರ್ಷ ತಲೆ ಮೇಲೆ ಹೊತ್ತಾಗ ಮರ್ವಾದೆ ಹೋಗ್ಲಿಲ್ಲ, ಈಗ ಗಾಡೀಲಿ ಹೊತ್ರೆ ಹೋಯ್ತದಾ ಅತ್ತೆ?"

ಮುದುಕಿ ಎರಡು ದಿನ ಸೊಸೆಯ ಕೈಯಿಂದ ಕಾಫಿ ಕುಡಿಯಲಿಲ್ಲ, ಮೂರನೆಯ ದಿನ ಕುಡಿದಳು.

ಯುಗಾದಿ ಕಳೆದ ಮೇಲೆ ಪಂಚಾಯಿತಿ ಸದಸ್ಯ ಅಪ್ಪಯ್ಯಣ್ಣ ಬಂಡೆಕೇರಿಯ ಹೆಂಗಸರನ್ನೆಲ್ಲ ಹುಣಸೆಮರದ ಕೆಳಗೆ ಕೂರಿಸಿದ. ತಿಪ್ಪೆಗಳನ್ನು ಮುಚ್ಚಬೇಕು, ಕಸವನ್ನು ಮನೆಬಾಗಿಲಲ್ಲೇ ಗಾಡಿಗೆ ಕೊಡಬೇಕು, ಮುಚ್ಚಿದ ಜಾಗದಲ್ಲಿ ಕಸ ಬೇರ್ಪಡಿಸುವ ಶೆಡ್ ಬರುತ್ತದೆ, ಇದೇ ಅವನ ಮಾತು. ಅವನ ಮಾತಿಗೆ ಯಾರೂ ತಲೆಯಾಡಿಸಲಿಲ್ಲ. ಅವನನ್ನು ಬಲ್ಲವರು ಯಾರು ಆಡಿಸುತ್ತಾರೆ? ಎಲ್ಲರೂ ವಾಣಿಶ್ರೀಯ ಮುಖ ನೋಡಿದರು.

"ತಿಪ್ಪೆ ಮುಚ್ಚಿದ ಮೇಲೆ ನಿನ್ನ ಗಾಡಿ ಬರ್ಲಿಲ್ಲ ಅಂದ್ರೆ?" ಎಂದು ಕೇಳಿದ್ದು ಶಕುಂತಲಮ್ಮ. ಮನೆಯಲ್ಲೇ ಎರಡು ಮಗ್ಗ ಹಾಕಿಕೊಂಡು ಸೀರೆ ನೇಯುವ ರಾಮಲಿಂಗಯ್ಯನ ಹೆಂಡತಿ. ದೊಡ್ಡಬಳ್ಳಾಪುರದ ಪೇಟೆಯಿಂದ ಬಂದು ಮೂವತ್ತು ವರ್ಷವಾಗಿದ್ದರೂ ಊರಿನವರು ಕೊಟ್ಟ ಆ ಮೂಲೆಯ ತಿಪ್ಪೆಯ ಮೇಲೆ ಅವಳಿಗೆ ಎಲ್ಲರಿಗಿಂತ ಹೆಚ್ಚು ಮೋಹ. ಆ ತಿಪ್ಪೆ ಸಿಕ್ಕಿದ ದಿನವೇ ತಾನು ಈ ಊರಿನವಳಾದೆನೆಂದು ಹೇಳಿಕೊಳ್ಳುತ್ತಿದ್ದಳು.

"ನಾನು ಬದುಕಿರೋವರ್ಗೂ ಬಂಡೆ ಮೇಲಕ್ಕೆ ಗಾಡಿ ಬರ್ತೈತೆ ಕಣಕ್ಕಾ. ಒಂದಿನ ತಪ್ಪಿದ್ರೆ ನನ್ನ ಕೇಳು" ಎಂದಳು ವಾಣಿಶ್ರೀ.

ಆ ಒಂದು ಮಾತಿನ ಮೇಲೆ ಇಪ್ಪತ್ತೆರಡು ತಿಪ್ಪೆ ಮುಚ್ಚಿದವು. ಸುಮ್ಮನೆ ಮುಚ್ಚಲಿಲ್ಲ. ಒಂದೊಂದು ಮನೆಯವರೂ ಅರಿಸಿನ ಕುಂಕುಮ ಹಾಕಿ, ತೆಂಗಿನಕಾಯಿ ಒಡೆದು, ಕೈಮುಗಿದು ಮಣ್ಣೆಳೆದರು. ಮುನಿವೆಂಕಟಮ್ಮ ಎಲ್ಲರಿಗಿಂತ ಕೊನೆಗೆ ಬಂದು ಮೂಗೊರೆಸಿಕೊಳ್ಳುತ್ತಾ ಎಳೆದಳು.

ಆಮೇಲಿನ ಹತ್ತು ತಿಂಗಳು ವಾಣಿಶ್ರೀಯ ಬದುಕಿನ ಚಂದದ ದಿನಗಳು. ಬೆಳಿಗ್ಗೆ ಆರೂವರೆಗೆ ಹಾಡು ಹಾಕಿಕೊಂಡು ಬುಡದಿಂದ ಹೊರಟರೆ, ಶಕುಂತಲಮ್ಮನ ಜಗಲಿ ಮತ್ತು ಎದುರಿನ ಗುಂಡುಕಲ್ಲಿನ ನಡುವಿನ ಕಿರುದಾರಿಯಲ್ಲಿ ಎರಡೂ ಕಡೆ ಒಂದೊಂದು ಗೇಣು ಮಾತ್ರ ಉಳಿಯುತ್ತಿತ್ತು. ಒಂದು ದಿನವೂ ಉಜ್ಜಲಿಲ್ಲ. ಡಬ್ಬ ಬಗ್ಗಿಸಿದ ಕೂಡಲೇ ಯಾರ ಮನೆಯದೆಂದು ಕಣ್ಣುಮುಚ್ಚಿ ಹೇಳುವಷ್ಟು ಪಳಗಿದಳು. ಬಣ್ಣದ ನೂಲಿನ ತುಂಡುಗಳಿದ್ದರೆ ಶಕುಂತಲಮ್ಮನದು, ಸಕ್ಕರೆ ಕಾಯಿಲೆಯ ಮಾತ್ರೆಯ ಹಾಳೆಗಳಿದ್ದರೆ ಆವಲಪ್ಪನದು, ಅವರೆಕಾಯಿ ಸಿಪ್ಪೆಯ ಜತೆ ಗುಟ್ಟಾಗಿ ಸುತ್ತಿದ ಕ್ವಾರ್ಟರ್ ಪೊಟ್ಟಣವಿದ್ದರೆ ಯಾರದೆಂದು ಅವಳು ಯಾರಿಗೂ ಹೇಳಲಿಲ್ಲ. ಹಸಿ ಒಣ ಬೆರೆಸಿ ಕೊಟ್ಟವರಿಗೆ ಮಾತ್ರ ಬಾಗಿಲಲ್ಲೇ ನಿಂತು ಬೈಯುತ್ತಿದ್ದಳು, ಅವರೂ ಬೈಸಿಕೊಂಡು ನಗುತ್ತಿದ್ದರು. ಆ ವರ್ಷದ ದೀಪಾವಳಿಗೆ ಮುನಿವೆಂಕಟಮ್ಮ ಹಣತೆ ಹಿಡಿದು ಮನೆಯಿಂದ ಹೊರಬಂದು, ಎಲ್ಲಿಡುವುದೆಂದು ಅತ್ತ ಇತ್ತ ನೋಡಿ, ಬಾಗಿಲಲ್ಲಿ ನಿಂತಿದ್ದ ಆಟೊದ ಮುಂದೆ ಇಟ್ಟಳು. "ಇನ್ಮೇಲೆ ನಮ್ಮ ತಿಪ್ಪೆ ಇದೇ ತಾನೆ" ಎಂದಳು. ಅರ್ಧ ಗಂಟೆಯಲ್ಲಿ ಇಪ್ಪತ್ತೆರಡು ಹಣತೆಗಳು ಆಟೊದ ಸುತ್ತ ಉರಿಯುತ್ತಿದ್ದವು. ವಾಣಿಶ್ರೀ ಒಳಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಸುಖಕ್ಕೆ ಅಳು ಬರುತ್ತದೆಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ.

ಕಾರ್ತೀಕದಲ್ಲಿ ಅಪ್ಪಯ್ಯಣ್ಣ ಒಂದು ಕಾಗದ ತಂದ. ಶೆಡ್ಡಿಗೆ ಅರ್ಜಿ ಹೋಗಬೇಕು, ಸಂಘದ ಅಧ್ಯಕ್ಷೆಯ ಸಹಿ ಬೇಕು ಎಂದ. ವಾಣಿಶ್ರೀ ಓದದೆ ಸಹಿ ಹಾಕುವ ಹೆಂಗಸಲ್ಲ. ಎರಡು ಸಲ ಓದಿದಳು. 'ಸದರಿ ಜಾಗದಲ್ಲಿ ಮನೆ, ಕೊಟ್ಟಿಗೆ, ಬೆಳೆ ಯಾವುದೂ ಇರುವುದಿಲ್ಲ. ಗ್ರಾಮಸ್ಥರು ಯಾರೂ ಸದರಿ ಜಾಗವನ್ನು ಬಳಸುತ್ತಿರುವುದಿಲ್ಲ' ಎಂದಿತ್ತು. ಅದರಲ್ಲಿ ಸುಳ್ಳೇನಿದೆ? ಮನೆಯಿಲ್ಲ, ಕೊಟ್ಟಿಗೆಯಿಲ್ಲ, ತಿಪ್ಪೆಗಳನ್ನು ತಾವೇ ಮುಚ್ಚಿದ್ದಾರೆ. ತಿಪ್ಪೆಯನ್ನು ಯಾರಾದರೂ ಆಸ್ತಿ ಎಂದು ಕಾಗದದಲ್ಲಿ ಬರೆಸುತ್ತಾರೆಯೇ? ಸಹಿ ಹಾಕಿದಳು, ಮೊಹರನ್ನೂ ಒತ್ತಿದಳು. ಶೆಡ್ ಎಂಬ ಪದ ಕಾಗದದಲ್ಲಿ ಎಲ್ಲೂ ಇರಲಿಲ್ಲವೆಂಬುದು ಅವಳಿಗೆ ಹೊಳೆದದ್ದು ಬಹಳ ತಡವಾಗಿ.

ಸಂಕ್ರಾಂತಿ ಹೊತ್ತಿಗೆ ಹುಣಸೆಮರದಿಂದ ಕುಂಟೆಯ ದಂಡೆಯವರೆಗೆ ಆಳೆತ್ತರದ ಗೋಡೆ ಎದ್ದಿತು. ಒಳಗೆ ಲೇಔಟಿನವರ ಪಾರ್ಕು, ನಡೆದಾಡಲು ಇಟ್ಟಿಗೆ ಹಾದಿ, ಗೇಟಿಗೆ ಒಬ್ಬ ವಾಚ್‌ಮನ್. ಜಾಗಕ್ಕೆ ಬದಲಾಗಿ ಲೇಔಟಿನವರು ಪಂಚಾಯಿತಿಗೆ ಹೊಸ ಕಸದ ಗಾಡಿ ಕೊಟ್ಟರು. ನಾಲ್ಕು ಚಕ್ರದ್ದು, ಹಳೆಯದರ ಎರಡರಷ್ಟು ದೊಡ್ಡದು, ಮೈಮೇಲೆಲ್ಲ ಹೂವಿನ ಚಿತ್ರ. ಹಾರ ಹಾಕಿ ಫೋಟೊ ತೆಗೆಸಿದರು. ಫೋಟೊದಲ್ಲಿ ವಾಣಿಶ್ರೀಯೂ ಇದ್ದಾಳೆ, ಕೀಲಿಕೈ ಹಿಡಿದುಕೊಂಡು.

ಮರುದಿನ ಆ ಗಾಡಿಯನ್ನು ಎಂದಿನಂತೆ ರಿವರ್ಸ್‌ನಲ್ಲಿ ಹತ್ತಿಸಿದಳು. ಕಿರುದಾರಿಯ ತನಕ ಬಂತು. ಅಲ್ಲಿ ಗುಂಡುಕಲ್ಲು ಒಂದು ಕಡೆ, ಶಕುಂತಲಮ್ಮನ ಜಗಲಿ ಇನ್ನೊಂದು ಕಡೆ. ನಾಲ್ಕು ಸಲ ಹಿಂದೆಮುಂದೆ ಮಾಡಿದಳು. ಐದನೆಯ ಸಲಕ್ಕೆ ಜಗಲಿಯ ಕಲ್ಲು ಕಿತ್ತುಬಂತು, ಗಾಡಿಯ ಹೂವಿನ ಚಿತ್ರ ಕೆರೆದುಹೋಯಿತು. ಮೇಲೆ ಹೆಂಗಸರು ಹಸಿರು ನೀಲಿ ಡಬ್ಬ ಹಿಡಿದು ಸಾಲಾಗಿ ನಿಂತಿದ್ದರು. ಗಾಡಿ ಬಂದ ದಾರಿಯಲ್ಲೇ ಇಳಿದುಹೋಯಿತು.

"ಹಳೇ ಆಟೊನೇ ಕೊಡಿ ಅಪ್ಪಯ್ಯಣ್ಣ, ನಾನು ಅದ್ರಲ್ಲೇ ಮೇಲಿಂದು ತಂದ್ಕೊಡ್ತೀನಿ" ಎಂದು ಪಂಚಾಯಿತಿ ಮೆಟ್ಟಿಲಲ್ಲಿ ಕೂತು ಕೇಳಿದಳು.

"ಅದು ಲೆಕ್ಕದಿಂದ ಹೋಯ್ತು ಕಣಮ್ಮಾ. ಒಂದು ಪಂಚಾಯ್ತಿಗೆ ಒಂದೇ ಗಾಡಿ. ಇಪ್ಪತ್ತೆರಡು ಮನೆಗೋಸ್ಕರ ಇನ್ನೊಂದು ಓಡ್ಸಕ್ಕಾಯ್ತದಾ? ಕೆಳಗೆ ತಂದಿಟ್ರೆ ತಗೊಂಡೋಗು."

"ಕೆಳಗೆ ಎಲ್ಲಿಡೋದು? ಇಡೋ ಜಾಗಕ್ಕೆ ಗೋಡೆ ಹಾಕ್ಸಿದ್ದೀರಲ್ಲ!"

"ಸೈನ್ ಹಾಕಿದ್ದು ಯಾರು?" ಎಂದು ಅಪ್ಪಯ್ಯಣ್ಣ ನಿಧಾನವಾಗಿ ಕೇಳಿದ. ಅವಳು ಮೆಟ್ಟಿಲಿಂದೆದ್ದು ಹೊರಟಳು.

ಕೆಲವು ದಿನ ಗೋಡೆಯ ಬುಡದಲ್ಲೇ ಚೀಲಗಳನ್ನಿಟ್ಟರು. ಪಾರ್ಕಿಗೆ ವಾಸನೆ ಬರುತ್ತದೆಂದು ಲೇಔಟಿನವರು ದೂರು ಕೊಟ್ಟರು, ವಾಚ್‌ಮನ್ ಕೋಲು ಹಿಡಿದು ನಿಂತ. ವಾಣಿಶ್ರೀ ಹಟ್ಟಿಯಲ್ಲಿ ಬಿದ್ದಿದ್ದ ಹಳೆಯ ಮಂಕರಿಯನ್ನು ಹುಡುಕಿ ತೆಗೆದಳು. ಬೆಳಗಿನ ಐದಕ್ಕೇ ಎದ್ದು ಮನೆಮನೆಯ ಕಸವನ್ನು ತಲೆಯ ಮೇಲೆ ಹೊತ್ತು ಇಳಿಸಿ ಗಾಡಿಗೆ ತುಂಬಿದಳು. ಇಪ್ಪತ್ತೆರಡು ಮನೆಗೆ ಒಂಬತ್ತು ಸುತ್ತು. ಲೇಔಟಿಗೆ ಗಾಡಿ ಹೋಗುವುದು ತಡವಾಯಿತು, ಹೋದಾಗ ಅರ್ಧ ತುಂಬಿಯೂ ಇತ್ತು. ನಾವು ಕೊಟ್ಟ ಗಾಡಿಯಲ್ಲಿ ಬೇರೆಯವರ ಕಸವೇ ಎಂದು ಅಲ್ಲಿಂದ ಮತ್ತೊಂದು ದೂರು ಹೋಯಿತು. ಬಂಡೆಕೇರಿಯ ಕಸ ಮುಟ್ಟಕೂಡದೆಂದು ಪಂಚಾಯಿತಿಯಿಂದ ಬರವಣಿಗೆಯಲ್ಲೇ ಬಂತು. ಅಷ್ಟು ಹೊತ್ತಿಗೆ ಅವಳ ಮಂಡಿಯೂ ಬಾತುಕೊಂಡಿತ್ತು.

ಕಸ ಯಾರ ಅಪ್ಪಣೆಗೂ ಕಾಯುವುದಿಲ್ಲ. ದಿನಾ ಬೆಳಗಾದರೆ ಪ್ರತಿ ಮನೆಯಲ್ಲೂ ಒಂದು ಡಬ್ಬ ತುಂಬುತ್ತದೆ. ಮೊದಲು ಯಾರು ಎಸೆದರೋ ಗೊತ್ತಿಲ್ಲ, ಕೇರಿಯ ಹಿಂದಿನ ಜಾರುಬಂಡೆಯ ಮೇಲಿಂದ ಒಂದು ಚೀಲ ಕೆಳಗೆ ಹೋಯಿತು. ವಾರದಲ್ಲಿ ಎಲ್ಲರದೂ ಹೋಯಿತು. ವಾಣಿಶ್ರೀ ಎದುರಿಗೆ ಸಿಕ್ಕವರಿಗೆಲ್ಲ ಬೈದಳು. ಈಗ ಯಾರೂ ನಗಲಿಲ್ಲ. "ತಿಪ್ಪೆ ಕೊಡು, ಇಲ್ಲಾ ಗಾಡಿ ತಾ" ಎಂದು ಶಕುಂತಲಮ್ಮ ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ವಾಣಿಶ್ರೀ ತನ್ನ ಮನೆಯದನ್ನು ಮಾತ್ರ ಚೀಲದಲ್ಲಿ ಕಟ್ಟಿಕೊಂಡು ಗಂಡನ ಬೈಕಿನ ಹಿಂದೆ ಕೂತು ದೊಡ್ಡಬಳ್ಳಾಪುರದವರೆಗೆ ಒಯ್ದು ಅಲ್ಲಿನ ತೊಟ್ಟಿಗೆ ಹಾಕಿ ಬರುತ್ತಿದ್ದಳು. ಜಾರುಬಂಡೆಯಿಂದ ಅವಳ ಮನೆಯ ಒಂದು ಹಾಲಿನ ಕವರೂ ಬೀಳಲಿಲ್ಲ.

ಬಂಡೆಯ ಮೇಲೆ ಬಿದ್ದ ನೀರು ಇಂಗುವುದಿಲ್ಲ, ಇಳಿಯುತ್ತದೆ. ಇದು ಹಿರಿಯರಿಗೆ ಗೊತ್ತಿತ್ತು, ಪಾರ್ಕಿನ ನಕ್ಷೆ ಬರೆದವರಿಗೆ ಗೊತ್ತಿರಲಿಲ್ಲ. ಶ್ರಾವಣದ ಒಂದು ಜೋರು ಮಳೆಗೆ ಜಾರುಬಂಡೆಯ ಕೆಳಗಿನ ಕಸವೆಲ್ಲ ಕುಂಟೆಗೆ ಇಳಿದು, ಕುಂಟೆ ಉಕ್ಕಿ, ಗೋಡೆಯ ಒಂದು ಭಾಗವನ್ನು ಕೆಡವಿಕೊಂಡು ಪಾರ್ಕಿನ ಇಟ್ಟಿಗೆ ಹಾದಿಯ ಮೇಲೆ ಹರಡಿಕೊಂಡಿತು. ಮೂರನೆಯ ದಿನಕ್ಕೆ ರವಿಚಂದ್ರ ಎಂಬ ಅಧಿಕಾರಿ ಜೀಪಿನಲ್ಲಿ ಬಂದರು. ಒಡೆದ ಗೋಡೆಯ ಹತ್ತಿರ ಚೀಲಗಳನ್ನು ಸಾಲಾಗಿ ಜೋಡಿಸಿದ್ದರು. ಅಪ್ಪಯ್ಯಣ್ಣ ಪಕ್ಕದಲ್ಲಿದ್ದ. ವಾಣಿಶ್ರೀಯನ್ನು ಕರೆಸಿದರು.

"ಡಬ್ಬ ನೋಡಿದ್ರೆ ಮನೆ ಹೇಳ್ತೀಯಂತಲ್ಲಮ್ಮಾ. ಒಂದೊಂದೇ ತೆಗ್ದು ಯಾರದು ಅಂತ ಹೇಳು. ಆ ಮನೆಗಳ ನಲ್ಲಿ ಕಟ್ ಮಾಡಿಸ್ತೀನಿ, ಬುದ್ಧಿ ಬರ್ತದೆ" ಎಂದರು ಅಧಿಕಾರಿ.

ಬಂಡೆಯ ಮೇಲೆ ಆ ನಲ್ಲಿ ಬಿಟ್ಟರೆ ಹನಿ ನೀರಿಲ್ಲ. ಮೊದಲ ಚೀಲ ಬಿಚ್ಚಿದಳು, ಸಕ್ಕರೆ ಕಾಯಿಲೆಯ ಮಾತ್ರೆಯ ಹಾಳೆ. ಆವಲಪ್ಪನಿಗೆ ಒಂದು ಕಾಲಿನ ಬೆರಳುಗಳಿಲ್ಲ, ಒಂದು ಕೊಡ ನೀರು ಹೊರಲಾರ. ಎರಡನೆಯದು ಬಿಚ್ಚಿದಳು. ಹಸಿರು, ಕೆಂಪು, ಅರಿಸಿನ ಬಣ್ಣದ ನೂಲಿನ ತುಂಡುಗಳು. ಮಿಕ್ಕ ಚೀಲಗಳನ್ನು ಬಿಚ್ಚುವ ಅಗತ್ಯವೇ ಇರಲಿಲ್ಲ, ಗಂಟು ಹಾಕಿದ ರೀತಿಯಲ್ಲೇ ಅವಳಿಗೆ ಮನೆಗಳು ಕಾಣುತ್ತಿದ್ದವು. ಇವರೆಲ್ಲ ತೆಂಗಿನಕಾಯಿ ಒಡೆದು ತಿಪ್ಪೆ ಮುಚ್ಚಿದ್ದು ತನ್ನ ಮಾತು ಕೇಳಿ. ಅಪ್ಪಯ್ಯಣ್ಣ ಮೀಸೆಯ ತುದಿ ಕಚ್ಚುತ್ತಾ ಬೇರೆ ಕಡೆ ನೋಡುತ್ತಿದ್ದ.

"ಎಲ್ಲಾ ನಮ್ಮನೇದೇ ಸಾರ್" ಎಂದಳು.

"ಇಪ್ಪತ್ತು ಚೀಲ ಒಂದೇ ಮನೇದಾ? ತಮಾಷೆ ಮಾಡ್ತೀಯಾ?"

"ಬಂಡೆಕೇರಿ ಕಸ ನನ್ನ ಜವಾಬ್ದಾರಿ ಸಾರ್. ಕೊಟ್ಟಿದ್ದು ಅವ್ರು, ಎಸೆದಿದ್ದು ನಾನು. ಹಂಗೇ ಬರ್ಕೊಳಿ."

ಅವರು ಹಾಗೇ ಬರೆದುಕೊಂಡರು. ಅಧಿಕಾರಿಗೂ ಅದೇ ಅನುಕೂಲ, ಇಪ್ಪತ್ತು ನೋಟಿಸಿನ ಜಾಗದಲ್ಲಿ ಒಂದೇ ಸಾಕಾಯಿತು. ವಾರದೊಳಗೆ ಅವಳ ಮನೆಯ ನಲ್ಲಿಯ ಪೈಪು ಕತ್ತರಿಸಿದರು. ಗಾಡಿಯ ಕೀಲಿಕೈಯನ್ನು ಅಪ್ಪಯ್ಯಣ್ಣ ವಾಪಸು ಇಸಿದುಕೊಂಡ. ಲೇಔಟಿನವರು ತಮ್ಮ ಕಡೆಯಿಂದಲೇ ಒಬ್ಬ ಡ್ರೈವರನ್ನು ಗೊತ್ತುಮಾಡಿಕೊಂಡರು. ಅವಳ ಮನೆಯ ಬಾಗಿಲಿಗೆ ನೋಟಿಸು ಅಂಟಿಸಿದರು: 'ಕಸ ಸಂಗ್ರಹಿಸುವ ಕೆಲಸದಲ್ಲಿದ್ದು ತಾವೇ ಸಾರ್ವಜನಿಕ ಕುಂಟೆಗೆ ಕಸ ಎಸೆದಿರುವುದನ್ನು ಒಪ್ಪಿಕೊಂಡಿರುತ್ತೀರಿ.'

ಒಬ್ಬರಾದರೂ ಬಂದು ಒಂದು ಮಾತು ಹೇಳುತ್ತಾರೆಂದು ಅವಳು ಕಾದಳು. ಬಂದವರು ನೋಟಿಸು ಓದಿಕೊಂಡು ಹೋದರು. ನಾಲ್ಕು ದಿನದಲ್ಲಿ ಬಂಡೆಕೇರಿ ಅದನ್ನು ನಂಬಿತು. ನಂಬುವುದು ಎಲ್ಲರಿಗೂ ಹಗುರವಾಗಿತ್ತು.

"ನಮ್ಗೆಲ್ಲ ಬಾಗ್ಲಲ್ಲಿ ನಿಂತ್ಕೊಂಡು ಬೈಯೋಳು, ತಾನೇ ಹಿಂಗೆ ಮಾಡ್ತಿದ್ಲಂತೆ ನೋಡು" ಎಂದು ಶಕುಂತಲಮ್ಮ ಜಗಲಿಯ ಮೇಲೆ ಕೂತು ಯಾರಿಗೋ ಹೇಳುತ್ತಿದ್ದದ್ದು ವಾಣಿಶ್ರೀಯ ಕಿವಿಗೇ ಬಿತ್ತು. ಅವಳಿಗೆ ತಡೆಯಲಾಗಲಿಲ್ಲ.

"ನಿನ್ನ ಮಗ್ಗದ ನೂಲೂ ಇತ್ತಲ್ಲಕ್ಕಾ ಅದ್ರಲ್ಲಿ. ನಾನು ನಿನ್ನ ಹೆಸ್ರು ಹೇಳಿದ್ನಾ?"

"ನೂಲಾ? ನಾವು ಒಂದು ಎಳೆ ಹೊರಕ್ಕೆ ಹಾಕೋರಲ್ಲ ಕಣಮ್ಮಾ. ನಿನ್ನ ತಪ್ಪನ್ನ ನಮ್ಮ ತಲೆಗೆ ಯಾಕ್ ಕಟ್ತೀಯಾ?" ಎಂದು ಶಕುಂತಲಮ್ಮ ಕಣ್ಣು ಕೂಡ ಮಿಟುಕಿಸದೆ ಹೇಳಿದಳು. ಮನೆಯೊಳಗೆ ಮಗ್ಗ ಖಟಖಟ ಎನ್ನುತ್ತಲೇ ಇತ್ತು.

ವಾಣಿಶ್ರೀ ಬುಡದ ಬೀದಿನಲ್ಲಿಯಿಂದ ನೀರು ಹೊರತೊಡಗಿದಳು. ಕಾಂತರಾಜು ಶಿಫ್ಟು ಮುಗಿಸಿ ಬಂದ ದಿನ ಎರಡು ಕ್ಯಾನು ತಂದುಕೊಡುತ್ತಿದ್ದ, ಮಾತು ಕಡಿಮೆಮಾಡಿದ್ದ. ಎಪ್ಪತ್ತೆರಡರ ಮುನಿವೆಂಕಟಮ್ಮನೂ ಒಂದು ಚಿಕ್ಕ ಬಿಂದಿಗೆ ಹಿಡಿದು ಇಳಿಯುತ್ತಿದ್ದಳು. ಒಂದು ದಿನ ದಾರಿಯ ನಡುವೆ ಕೂತು ಉಸಿರು ಬಿಡುತ್ತಾ, "ಮಾತು ಕೊಟ್ಟೋಳೂ ನೀನೇ, ತಪ್ಪು ಒಪ್ಕೊಂಡೋಳೂ ನೀನೇ. ನೀರು ಮಾತ್ರ ನಾನೂ ಹೊರ್ಬೇಕು" ಎಂದಳು. ಬೈಗುಳವೂ ಅಲ್ಲ, ಬರೀ ಸುಸ್ತು. ವಾಣಿಶ್ರೀಗೆ ಅದು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು.

ಮತ್ತೆ ದೀಪಾವಳಿ ಬಂತು. ಪಾಡ್ಯದ ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಂಗಸರು ಒಬ್ಬೊಬ್ಬರಾಗಿ ಬಂಡೆ ಇಳಿದರು. ಹುಣಸೆಮರದಿಂದ ಹೆಜ್ಜೆ ಎಣಿಸಿ, ತಂತಮ್ಮ ತಿಪ್ಪೆ ಇದ್ದ ನೇರಕ್ಕೆ ಗೋಡೆಯ ಬುಡದಲ್ಲಿ ಹುಚ್ಚೆಳ್ಳು ಹೂವಿಟ್ಟು ಹಣತೆ ಹಚ್ಚಿದರು. ವಾಣಿಶ್ರೀ ತನ್ನ ಹಣತೆಯನ್ನು ಸೆರಗಿನ ಮರೆಯಲ್ಲಿ ಹಿಡಿದು ಬಂದಾಗ ಅವಳ ಮನೆಯ ಜಾಗದಲ್ಲಿ ಆಗಲೇ ದೀಪ ಉರಿಯುತ್ತಿತ್ತು. ಮುನಿವೆಂಕಟಮ್ಮ ಅದರ ಮುಂದೆ ಕೂತಿದ್ದಳು. ಶಕುಂತಲಮ್ಮ ಮತ್ತು ಮಿಕ್ಕವರು ತಂತಮ್ಮ ಹಣತೆಯ ಕಡೆಗೆ ತಿರುಗಿಕೊಂಡರು.

"ನಮ್ಮದಕ್ಕೆ ನಾನಿಟ್ಟಾಯ್ತು. ನೀನು ಮನೆಗೋಗು" ಎಂದಳು ಅತ್ತೆ, ತಲೆಯೆತ್ತದೆ.

ಅವಳು ಹಣತೆಯನ್ನು ಊದಿ ಆರಿಸಿಕೊಂಡು ಹತ್ತಿ ಹೋದಳು.

ಬೆಳಿಗ್ಗೆ ಆರೂವರೆಗೆ ಬೀದಿನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ನಿಂತಿದ್ದಾಗ ಗಾಡಿಯ ಹಾಡು ಕೇಳಿಸಿತು. ಅದೇ ಹಾಡು. ವಾಚ್‌ಮನ್ ಗೋಡೆಯ ಬುಡದ ಹಣತೆಗಳನ್ನು ಪೊರಕೆಯಲ್ಲಿ ಗುಡ್ಡೆ ಮಾಡುತ್ತಿದ್ದ. ಬಾಡಿದ ಹೂವು, ಎಣ್ಣೆ ಮೆತ್ತಿದ ಬತ್ತಿ, ಒಡೆದ ಮಣ್ಣು ಎಲ್ಲ ಒಂದಾಗಿತ್ತು.

"ಬಂಡೆಕೇರೀದು ತಗೊಳ್ಳಂಗಿಲ್ಲ ಅಂದವ್ರಲ್ಲ ಗುರು?" ಎಂದ ಹೊಸ ಡ್ರೈವರು, ಗಾಡಿ ನಿಲ್ಲಿಸಿ.

"ನಮ್ಮ ಗೋಡೆ ಹತ್ರ ಬಿದ್ದಿದ್ದು ನಮ್ದೇ. ಹಾಕ್ಕೋ ಹಾಕ್ಕೋ" ಎಂದ ವಾಚ್‌ಮನ್.

ಇಪ್ಪತ್ತೆರಡು ಹಣತೆಗಳು ತಗಡಿನ ಮೇಲೆ ಸದ್ದುಮಾಡುತ್ತಾ ಬಿದ್ದವು. ಹೆಚ್ಚುಕಡಿಮೆ ಒಂಬತ್ತು ತಿಂಗಳ ಮೇಲೆ ಬಂಡೆಕೇರಿಯಿಂದ ಆ ಗಾಡಿಗೆ ಹೋದದ್ದು ಅಷ್ಟೇ. ವಾಣಿಶ್ರೀ ತುಂಬಿದ ಕೊಡವನ್ನು ಸೊಂಟಕ್ಕೇರಿಸಿಕೊಂಡು, ಬಾತ ಮಂಡಿಯ ಮೇಲೆ ಒಂದು ಕೈಯೂರಿ, ಬಂಡೆ ಹತ್ತಿದಳು.